ಅಕ್ಕನ ಮನೆಯ ಹೊಗೆಗೂಡು

ನಮ್ಮೂರಿನಲ್ಲಿ ಹೊಗೆಗೂಡುಗಳು ಬೆಳೆಯುತ್ತವೆ. ಮನೆ ಕಟ್ಟುವಾಗ ಗಾರೆಯವನು ಆಳೆತ್ತರಕ್ಕೆ ಇಟ್ಟಿಗೆ ಜೋಡಿಸಿ ಕೈ ತೊಳೆದುಕೊಂಡು ಹೋದರೆ ಅವನ ಕೆಲಸ ಮುಗಿಯಿತು, ಮಿಕ್ಕದ್ದನ್ನು ಹೊಗೆಗೂಡು ತಾನೇ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಒಲೆ ಹೊತ್ತಿದ ಮೇಲೆ ವಾರಕ್ಕೊಂದು ಸಾಲು ಇಟ್ಟಿಗೆ ಹೆಚ್ಚುತ್ತದೆ, ಬೇಸಿಗೆಯಲ್ಲಿ ಸುಮ್ಮನಿರುತ್ತದೆ. ಎಳೆಯ ಹೊಗೆಗೂಡಿಗೆ ನಾಲ್ಕು ಕಡೆ ಬಿದಿರಿನ ಆಸರೆ ಕಟ್ಟಬೇಕು. ಕಟ್ಟದಿದ್ದರೆ ಬಿಸಿಲು ಬಂದ ಕಡೆಗೆ ವಾಲಿಕೊಂಡು ಪಕ್ಕದ ಮನೆಯ ಹೆಂಚಿನ ಮೇಲೆ ಒರಗುತ್ತದೆ, ಆಮೇಲೆ ಎರಡೂ ಮನೆಯವರ ನಡುವೆ ಮಾತು ನಿಲ್ಲುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ, ಹುಡುಗಿಯನ್ನು ನೋಡುವುದು ಆಮೇಲೆ. ಚೆನ್ನಾಗಿ ಬೆಳೆಯುತ್ತಿರುವ ಹೊಗೆಗೂಡಿಗೆ ದೃಷ್ಟಿಯಾಗದಿರಲಿ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿರುತ್ತಾರೆ. ಅದು ಹೊಗೆಗೆ ಕಮರಿ ಊರೆಲ್ಲ ಸೀನುತ್ತದೆ.

ಇಂಥ ಊರಿನಲ್ಲಿ ನನ್ನ ಕಸುಬು ಹೊಗೆಗೂಡು ಗುಡಿಸುವುದು. ಹೊಗೆಗೂಡು ಉಣ್ಣುವುದು ಮಸಿಯನ್ನು, ನಾನು ಅದರ ತಟ್ಟೆಯಿಂದ ತುತ್ತು ಕಿತ್ತುಕೊಳ್ಳುವವನು. ಗುಡಿಸಿದ ಮೇಲೆ ತಿಂಗಳುಗಟ್ಟಲೆ ಅದು ಒಂದು ಗೇಣೂ ಬೆಳೆಯುವುದಿಲ್ಲ. ಹಾಗಾಗಿ ನನ್ನನ್ನು ಯಾರೂ ಬೀದಿ ಬಾಗಿಲಿನಿಂದ ಕರೆಯುವುದಿಲ್ಲ. ಹಿತ್ತಲಿನಿಂದ ಬಾ, ಮುಖಕ್ಕೆ ವಸ್ತ್ರ ಸುತ್ತಿಕೊಂಡು ಬಾ, ಕುಂಚವನ್ನು ಚಾಪೆಯಲ್ಲಿ ಸುತ್ತಿಕೊಂಡು ಬಾ ಎನ್ನುತ್ತಾರೆ. ಗುಡಿಸಿದ ಮಸಿಯನ್ನು ಯಾರಿಗೂ ಕಾಣದ ಹಾಗೆ ಹಿತ್ತಲಲ್ಲೇ ಹೂಳಿಸುತ್ತಾರೆ. ಎಷ್ಟೋ ಮನೆಯ ಬಾಳೆಗಿಡಗಳು ಏಕೆ ಅಷ್ಟು ಚೆನ್ನಾಗಿವೆ ಎಂಬುದು ನನಗೊಬ್ಬನಿಗೇ ಗೊತ್ತು. ನಾನು ಯಾರಿಗೂ ಹೇಳಿಲ್ಲ. ಕಸುಬಿನವನ ಬಾಯಿ ಭದ್ರವಾಗಿರಬೇಕು ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು.

ಕಸುಬು ಕಲಿಸಿದ್ದೂ ಅವ್ವನೇ. ಈಚಲ ಗರಿಯ ಕುಂಚ, ಒಂದಕ್ಕೊಂದು ಸಿಕ್ಕಿಸುವ ಬಿದಿರ ಗಳುಗಳು, ಹಗ್ಗದ ತುದಿಗೆ ಕಟ್ಟಿದ ಗುಂಡುಕಲ್ಲು, ಒಂದು ಅಂಗೈಯಗಲದ ಕನ್ನಡಿ, ಇಷ್ಟೇ ಅವಳು ಬಿಟ್ಟುಹೋದ ಆಸ್ತಿ. ಜೊತೆಗೆ ಒಂದಿಷ್ಟು ಬುದ್ಧಿಮಾತು. ಸೌದೆಯನ್ನು ಸೀಳಿ ಸೂರಿನಡಿ ಒಂದು ವರ್ಷ ಒಣಗಿಸಬೇಕು. ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು, ದಪ್ ಎಂದರೆ ಇನ್ನೂ ಹಸಿ. ಒಲೆಯ ಗಾಳಿಬಾಗಿಲು ತೆರೆದಿರಬೇಕು, ಉರಿ ಹಳದಿಯಾಗಿ ನಗುತ್ತಿರಬೇಕು. ಚಳಿಗಾಲಕ್ಕೆ ಎರಡು ಸಲ ಗುಡಿಸಬೇಕು. ಹಸಿ ಸೌದೆ ಉರಿಯುವುದಿಲ್ಲ, ಕೂತು ಅಳುತ್ತದೆ. ಅದರ ಹೊಗೆ ಸೋಮಾರಿಯಾಗಿ ಮೇಲೇರಿ ತಣ್ಣನೆಯ ಇಟ್ಟಿಗೆಗೆ ಅಂಟಿ ಕರಿಜಿಡ್ಡಾಗುತ್ತದೆ. ಕೀಲೆಣ್ಣೆಯಂತೆ ಹೊಳೆಯುವ ಆ ಜಿಡ್ಡಿಗೆ ಒಂದೇ ಒಂದು ಕಿಡಿ ತಾಗಿದರೆ ಸಾಕು, ಒಲೆಯಲ್ಲಿರಬೇಕಾದ ಬೆಂಕಿ ಹೊಗೆಗೂಡಿಗೆ ಹತ್ತಿಕೊಳ್ಳುತ್ತದೆ.

ಊರಿನವರು ಮಾಡುತ್ತಿದ್ದದ್ದು ಇದೆಲ್ಲದರ ತಿರುವುಮುರುವು. ಕರಿಜಿಡ್ಡು ಹೊಗೆಗೂಡಿಗೆ ತುಪ್ಪದನ್ನ ಇದ್ದ ಹಾಗೆ. ಅದಕ್ಕೇ ಬೇಕೆಂದೇ ಹಸಿ ಸೌದೆ ತರುತ್ತಿದ್ದರು, ತಂದು ಇನ್ನಷ್ಟು ನೆನೆಸುತ್ತಿದ್ದರು, ಒಲೆಗೆ ತುಂಬಿ ಗಾಳಿಬಾಗಿಲು ಬಿಗಿಯಾಗಿ ಹಾಕಿ ದಿನವೆಲ್ಲ ಹೊಗೆಯಾಡಿಸುತ್ತಿದ್ದರು. ತಾವು ಕಂಬಳಿ ಹೊದ್ದು ನಡುಗುತ್ತ ಕೂತಿದ್ದರೂ ಪರವಾಗಿಲ್ಲ, ಹೊಗೆಗೂಡು ಹೊಟ್ಟೆತುಂಬ ಉಂಡರೆ ಸಾಕಿತ್ತು. ಮನೆ ಬೆಚ್ಚಗಿರಲೆಂದು ಒಲೆ ಹೊತ್ತಿಸುವುದು ಎಂಬುದು ಊರಿಗೆ ಮರೆತೇಹೋಗಿತ್ತು.

ಇದೆಲ್ಲ ನೆರಳುದಿನಕ್ಕಾಗಿ. ಚಳಿ ಗಟ್ಟಿಯಾದ ಮೇಲೆ, ಊರಿನ ಹಿರಿಯ ಶೇಷಯ್ಯನವರು ಗೊತ್ತುಮಾಡಿದ ದಿನ, ಬೆಳಿಗ್ಗೆ ಒಂಬತ್ತಕ್ಕೆ ಗಂಟೆ ಹೊಡೆಯುತ್ತಾರೆ. ಗಂಟೆ ಹೊಡೆದ ಕ್ಷಣಕ್ಕೆ ಪ್ರತಿ ಮನೆಯವರೂ ತಮ್ಮ ಹೊಗೆಗೂಡಿನ ನೆರಳಿನ ತುದಿಗೆ ಗೂಟ ಹೊಡೆಯಬೇಕು. ಶೇಷಯ್ಯನವರು ಗಂಟುಹಾಕಿದ ಹಗ್ಗ ಹಿಡಿದು ಅಳೆಯುತ್ತಾರೆ. ಯಾರದು ಉದ್ದವೋ ಅವರ ಮನೆಗೆ ಆ ವರ್ಷ ಊರಿನ ಪ್ರತಿ ಮದುವೆಯಲ್ಲೂ ಮೊದಲ ಎಲೆ. ಆ ಎಲೆಗೆ ಬಡಿಸಿದ ಮೇಲೆಯೇ ಮಿಕ್ಕ ಪಂಕ್ತಿಗೆ. ಗಂಟೆಯ ಹೊತ್ತಿನಲ್ಲಿ ಹೊಗೆಯಾಡದ ಹೊಗೆಗೂಡು ಲೆಕ್ಕಕ್ಕಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: ಮನೆಯ ಒಲೆಯ ಬಾಗಿಲನ್ನು ಆ ಮನೆಯ ಹೆಂಗಸು ಬಿಟ್ಟು ಬೇರೆ ಯಾರೂ ಮುಟ್ಟಕೂಡದು, ಒಡಹುಟ್ಟಿದವರಾದರೂ ಸರಿ. ಹಿಂದೆ ಯಾರೋ ಎದುರಾಳಿಯ ಒಲೆಗೆ ನೀರು ಸುರಿದು ಬಂದದ್ದಕ್ಕೆ ಹುಟ್ಟಿದ ಕಟ್ಟಳೆ ಅದು.

ಈಗ ನಮ್ಮಕ್ಕನ ವಿಷಯ. ಹೆಸರು ಕೆಂಪಾಜಮ್ಮ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನನಗೆ ಈಗ ಐವತ್ತು ದಾಟಿದೆ, ಮರಿಸ್ವಾಮಿ ಎಂಬ ಸಂಪೂರ್ಣ ಹೆಸರೂ ಇದೆ. ಆದರೂ ಅವಳಿಗೆ ನಾನು ಬರೀ ಮರಿ. ನನ್ನ ಎಡಗಿವಿ ಬಲಗಿವಿಗಿಂತ ಸ್ವಲ್ಪ ಉದ್ದವಿದ್ದರೆ ಅದಕ್ಕೆ ಅವಳೇ ಕಾರಣ. ಅವಳ ಗಂಡ ಚೆಲುವಯ್ಯ ಕಂಬಳಿ ನೇಯುವವನು. ಭಾವನಷ್ಟು ಸಾಧು ಮನುಷ್ಯ ನಮ್ಮೂರಲ್ಲಿ ಇನ್ನೊಬ್ಬನಿಲ್ಲ. ಸಾರಿಗೆ ಉಪ್ಪಿಲ್ಲದಿದ್ದರೂ ಎರಡು ಸಲ ಬಡಿಸಿಕೊಂಡು, ಮೂರನೆಯ ಸಲಕ್ಕೆ, ಉಪ್ಪು ಸ್ವಲ್ಪ ನಾಚಿಕೊಂಡಿದೆ ಅನ್ನುವಂಥವನು. ಅವನ ಮಗ್ಗ ಇರುವುದು ಅಟ್ಟದ ಮೇಲೆ, ಹೊಗೆಗೂಡು ಸೂರಿನ ತೊಲೆಗಳ ನಡುವೆ ಹಾದುಹೋಗುವಲ್ಲಿ. ಅಲ್ಲಿ ಉಣ್ಣೆ ಬೆಚ್ಚಗಿರುತ್ತದೆ ಎಂದು ಅಲ್ಲೇ ಹಾಕಿಕೊಂಡಿದ್ದ.

ಎಂಟು ವರ್ಷದ ಹಿಂದೆ ಒಂದು ಮದುವೆಯಲ್ಲಿ ಅಕ್ಕ ತಿಳಿಯದೆ ಮೊದಲ ಎಲೆಯ ಮುಂದೆ ಕೂತುಬಿಟ್ಟಳು. ಆ ವರ್ಷ ಮೊದಲ ಎಲೆ ಕಾಳಿಂಗಯ್ಯನವರ ಮನೆಯದು. ಕಾಳಿಂಗಯ್ಯನವರು ಅಕ್ಕನ ಪಕ್ಕದ ಮನೆಯವರು, ನಡುವೆ ಒಂದು ಓಣಿ ಅಷ್ಟೆ. ಅವರ ಹೆಂಡತಿ ಪುಟ್ನಂಜಮ್ಮ ತಡವಾಗಿ ಬಂದು, ಎಲೆಗೆ ಪಾಯಸ ಬಿದ್ದಿದ್ದರೂ, ಇದು ನಮ್ಮ ಎಲೆ ಎಂದು ಅಕ್ಕನನ್ನು ಎಬ್ಬಿಸಿದರು. ಊಟದೆಲೆಯ ಮುಂದಿನಿಂದ ಎದ್ದವಳು ಹೇಗೆ ನಡೆಯುತ್ತಾಳೆ ಎಂಬುದನ್ನು ನಾನು ಅವತ್ತು ನೋಡಿದೆ, ಇನ್ನೊಮ್ಮೆ ನೋಡುವ ಆಸೆಯಿಲ್ಲ. ಅಕ್ಕ ಮನೆಗೆ ಬಂದು ಒಲೆಗೆ ಹಸಿ ಸೌದೆ ತುಂಬಿ ಗಾಳಿಬಾಗಿಲು ಹಾಕಿದಳು.

ಅಲ್ಲಿಂದ ವರ್ಷ ವರ್ಷಕ್ಕೂ ಅವಳ ಹೊಗೆಗೂಡು ಕಾಳಿಂಗಯ್ಯನವರದನ್ನು ಅಟ್ಟಿಸಿಕೊಂಡು ಹೋಗುತ್ತಲೇ ಇತ್ತು. ಮೊದಮೊದಲು ವರ್ಷಕ್ಕೊಮ್ಮೆಯಾದರೂ ನನ್ನ ಕೈಲಿ ಗುಡಿಸಿಕೊಳ್ಳುತ್ತಿದ್ದಳು, ತಮ್ಮನ ಕಸುಬಿಗೆ ಮರ್ಯಾದೆ ಇರಲಿ ಅಂತ. ಅಂತರ ಕಡಿಮೆಯಾದ ಮೇಲೆ ಅದನ್ನೂ ನಿಲ್ಲಿಸಿದಳು. ಮೂರು ಚಳಿಗಾಲ ನನ್ನ ಕುಂಚ ಆ ಮನೆಯ ಹೊಸ್ತಿಲು ದಾಟಲಿಲ್ಲ. ನಾನು ಹೋದಾಗಲೆಲ್ಲ ಹೊಟ್ಟೆ ತುಂಬ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಹಾಕುವಳು, ಹೊಗೆಗೂಡಿನ ಮಾತೆತ್ತಿದರೆ ತಟ್ಟೆ ಎತ್ತಿಕೊಂಡುಬಿಡುವಳು. ನೆರಳುದಿನಕ್ಕೆ ಹದಿನೈದು ದಿನ ಇದ್ದಾಗ ನಾನು ಹಠ ಹಿಡಿದು ಹೊಗೆಗೂಡನ್ನು ಕಲ್ಲಿನಿಂದ ತಟ್ಟಿ ನೋಡಿದೆ. ಇಟ್ಟಿಗೆಯ ಸದ್ದೇ ಬರಲಿಲ್ಲ, ತುಂಬಿದ ಮೂಟೆಯ ಸದ್ದು ಬಂತು. ಒಲೆ ಆರಿದ್ದಾಗ ಕೆಳಗಿನಿಂದ ಕನ್ನಡಿ ಹಿಡಿದೆ. ಆನೆ ತೂರಬಹುದಾದ ಹೊಗೆಗೂಡಿನಲ್ಲಿ ಆಕಾಶ ಬಳೆಯಷ್ಟಗಲ ಕಾಣಿಸಿತು. ಸುತ್ತಲೂ ಕರಿಜಿಡ್ಡು ಮಿರಮಿರ ಮಿನುಗುತ್ತಿತ್ತು.

ಅಕ್ಕನಿಗೆ ಹೇಳಿದೆ. ಇವತ್ತೇ ಗುಡಿಸೋಣ, ಇಲ್ಲದಿದ್ದರೆ ಮನೆ ಹೋಗುತ್ತದೆ, ನೀವಿಬ್ಬರೂ ಹೋಗುತ್ತೀರಿ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಕಾಳಿಂಗಯ್ಯನೋರ್ದು ನಂದಕ್ಕಿಂತ ಎಷ್ಟು ಉದ್ದ ಇದೆ ಹೇಳು ಮರಿ."

"ಎರಡು ಮೊಳ ಇರ್ಬೋದು."

"ಎರಡು ಮೊಳ. ಎಂಟು ವರ್ಷದಲ್ಲಿ ಹದಿನಾರು ಮೊಳ ದಾಟಿದೀನಿ ಕಣೋ. ಈಗ ಗುಡಿಸು ಅಂತೀಯಲ್ಲ, ನಿಂಗೆ ಹೆಂಗಾದ್ರೂ ಮನಸ್ಸು ಬರುತ್ತೆ? ನೆರಳುದಿನ ಕಳೀಲಿ, ಅವತ್ತು ಮಧ್ಯಾಹ್ನಾನೇ ಗುಡಿಸುವಂತೆ. ಆಣೆ."

ಬೇರೆ ಮನೆಯವರಾಗಿದ್ದರೆ ಊರಿನ ಹಿರಿಯರಿಗೆ ಹೇಳಿ ಒಲೆಗೆ ಬೀಗ ಹಾಕಿಸುತ್ತಿದ್ದೆ. ಇಲ್ಲಿ ಬಾಯಿ ಬರಲಿಲ್ಲ. ಅವಳಿಗೆ ಹೆದರಿದೆ ಎಂದರೆ ಅರ್ಧ ನಿಜ. ಇನ್ನರ್ಧ ಏನೆಂದರೆ, ಅವಳು ಗೆಲ್ಲಲಿ ಎಂದು ನನಗೂ ಆಸೆಯಿತ್ತು. ಆ ಪಾಯಸದ ಎಲೆ ನನ್ನ ಕಣ್ಣಿನಿಂದಲೂ ಹೋಗಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನು ಅಕ್ಕನ ಮನೆಯಲ್ಲಿ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟಿದ್ದೆ. ಹದಿನೈದು ದಿನ ತಾನೇ ಎಂದುಕೊಂಡು, ಹಸಿ ಸೌದೆ ಹಾಕಿದರೂ ಉರಿ ಮಾತ್ರ ಜೋರು ಮಾಡಬೇಡ ಎಂದು ಮಾತು ತೆಗೆದುಕೊಂಡು ಬಂದೆ. ಅವತ್ತಿನಿಂದ ದಿನಕ್ಕೆ ಎರಡು ಸಲ ಆ ಬೀದಿಯಲ್ಲಿ ನನಗೆ ಏನಾದರೂ ಕೆಲಸ ಇದ್ದೇ ಇರುತ್ತಿತ್ತು.

ನೆರಳುದಿನ ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಅಕ್ಕನ ಮನೆ, ಕಾಳಿಂಗಯ್ಯನವರ ಮನೆ ಎರಡೂ ಊರಿನ ದೊಡ್ಡ ಬಯಲಿಗೆ ಬೆನ್ನು ಮಾಡಿಕೊಂಡಿವೆ. ಬಿಸಿಲು ಬಿದ್ದೊಡನೆ ಎರಡು ಹೊಗೆಗೂಡಿನ ನೆರಳೂ ಬಯಲಿನ ಮೇಲೆ ಅಕ್ಕಪಕ್ಕ ಚಾಚಿ ಮಲಗಿದವು. ಊರಿಗೆ ಊರೇ ಅಲ್ಲಿ ಸೇರಿತ್ತು. ಕಡಲೆಪುರಿ ಮಾರುವವರು, ಡೋಲಿನವರು, ಸೋತ ಮನೆಯವರನ್ನು ಛೇಡಿಸಲೆಂದೇ ಬಂದವರು, ಎಲ್ಲರೂ ಇದ್ದರು. ಕಾಳಿಂಗಯ್ಯನವರು ಜರಿಯಂಚಿನ ಶಲ್ಯ ಹೊದ್ದು ತಮ್ಮ ನೆರಳಿನ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಕ್ಕ ತನ್ನ ನೆರಳಿನ ತುದಿಯಲ್ಲಿ ಗೂಟ, ಸುತ್ತಿಗೆ ಹಿಡಿದು ನಿಂತಿದ್ದಳು. ಅವಳದು ಎರಡು ಮೊಳ ಹಿಂದೆಯೇ ಇತ್ತು. ಶೇಷಯ್ಯನವರು ಗಡಿಯಾರ ನೋಡಿ, ಇನ್ನು ಕಾಲು ಗಂಟೆ ಎಂದು ಕೂಗಿದರು.

ಆಗ ಯಾರೋ ಅಕ್ಕನ ಹೊಗೆಗೂಡಿನಲ್ಲಿ ಹೊಗೆಯೇ ಕಾಣುತ್ತಿಲ್ಲವಲ್ಲ ಎಂದರು. ನಿಜ, ಆ ಬಳೆಯಗಲದ ಕಿಂಡಿಯಲ್ಲಿ ಹೊಗೆ ಹಾಯುವುದಾದರೂ ಹೇಗೆ? ಹೊಗೆ ಕಾಣದಿದ್ದರೆ ಲೆಕ್ಕಕ್ಕಿಲ್ಲ. ಅಕ್ಕ ನನ್ನ ಕಡೆ ನೋಡದೆಯೇ ಸುತ್ತಿಗೆ ಬಿಸಾಕಿ ಒಳಗೆ ಓಡಿದಳು. ನಾನು ಜನರ ನಡುವೆ ದಾರಿ ಮಾಡಿಕೊಂಡು ಹಿಂದೆ ಹೋಗುವಷ್ಟರಲ್ಲಿ ಅವಳು ಗಾಳಿಬಾಗಿಲು ಪೂರ್ತಿ ತೆರೆದು, ಒಂದು ಕಂತೆ ಒಣ ತೆಂಗಿನ ಗರಿ ಒಲೆಗೆ ತುರುಕಿ, ಮತ್ತೆ ಬಯಲಿಗೆ ಬಂದಿದ್ದಳು. ಹೊಗೆ ಬಂತು. ಅದರ ಹಿಂದೆಯೇ ಸದ್ದೂ ಬಂತು.

ಅಕ್ಕಿ ಗಿರಣಿಯೊಂದು ಮನೆಯೊಳಗೆ ಹೊಕ್ಕು ಓಡತೊಡಗಿದ ಹಾಗಿತ್ತು ಆ ಸದ್ದು. ನೆಲ ನಡುಗಿತು, ಹೆಂಚುಗಳು ಕಟಕಟ ಎಂದವು. ಹೊಗೆಗೂಡಿನ ಬಾಯಿಂದ ಮೊದಲು ಕಿಡಿ, ಆಮೇಲೆ ಆಳುದ್ದದ ಜ್ವಾಲೆ ಹೊರಟಿತು. ಜನ ಹಿಂದೆ ಸರಿದರು. ಮರುಕ್ಷಣವೇ ಡೋಲಿನವನೊಬ್ಬ, ನೋಡ್ರಪ್ಪೋ, ಬೆಳೀತಾ ಇದೆ ಎಂದು ಕೂಗಿದ.

ಬೆಳೆಯುತ್ತಿತ್ತು. ಮೂರು ಚಳಿಗಾಲದ ಜಿಡ್ಡನ್ನು ಒಂದೇ ಸಲ ಉಂಡ ಹೊಗೆಗೂಡು ಕಣ್ಣೆದುರಿಗೇ ಸಾಲಿನ ಮೇಲೆ ಸಾಲು ಏರಿಸುತ್ತಿತ್ತು. ಬಯಲಿನಲ್ಲಿ ಅದರ ನೆರಳಿನ ತುದಿ ಹುಲ್ಲಿನ ಮೇಲೆ ಒಂದೊಂದೇ ಬೆರಳು ಮುಂದೆ ಹರಿಯುತ್ತಿತ್ತು. ಇನ್ನು ಒಂದೂವರೆ ಮೊಳ, ಇನ್ನು ಒಂದು ಮೊಳ ಎಂದು ಜನ ಒಟ್ಟಾಗಿ ಕೂಗಿ ಹೇಳತೊಡಗಿದರು. ಡೋಲು ಶುರುವಾಯಿತು. ಉರಿಯುವ ಮನೆಯ ಮುಂದೆ ನಿಂತು ಚಪ್ಪಾಳೆ ಹೊಡೆದವರು ಪ್ರಪಂಚದಲ್ಲಿ ನಮ್ಮೂರಿನವರೇ ಇರಬೇಕು. ಕಾಳಿಂಗಯ್ಯನವರು ಕುರ್ಚಿಯಿಂದ ಎದ್ದು ನಿಂತಿದ್ದರು.

ನಾನು ಅಕ್ಕನ ತೋಳು ಹಿಡಿದು ಗಾಳಿಬಾಗಿಲು ಮುಚ್ಚು ಬಾ ಎಂದೆ. ಅವಳು ನೆರಳಿನಿಂದ ಕಣ್ಣು ತೆಗೆಯದೆ, ಡೋಲಿನ ಸದ್ದಿಗೂ ಮೀರಿ ಕೂಗಿದಳು.

"ಹತ್ತು ನಿಮಿಷ ಇರೋ ಮರಿ. ಗಂಟೆ ಹೊಡೀಲಿ, ಮುಚ್ತೀನಿ. ಹತ್ತೇ ನಿಮಿಷ."

"ಸೂರಿನ ತೊಲೆಗೆ ಹತ್ತಿಕೊಳ್ಳೋಕೆ ಅಷ್ಟೂ ಬೇಡಕ್ಕ."

ಅವಳಿಗೆ ಕೇಳಿಸಲೇ ಇಲ್ಲ. ಕೇಳಿಸಿದರೂ ಒಳಗೆ ಹೋಗಲಿಲ್ಲ. ಅವಳ ಮೇಲೆ ನನಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಮನೆಯೊಳಗೆ ಓಡಿದೆ. ಕಬ್ಬಿಣದ ಒಲೆ ಕೆಂಪಗಾಗಿತ್ತು. ನನ್ನ ಕೈ ಗಾಳಿಬಾಗಿಲಿನ ಹಿಡಿಯವರೆಗೆ ಹೋಗಿ ನಿಂತಿತು. ಕಟ್ಟಳೆ ಮೀರುವುದು ದೊಡ್ಡದಲ್ಲ, ಆದರೆ ಅವಳ ಗೆಲುವನ್ನು ತಮ್ಮನೇ ಮುರಿದ ಎಂದಾದರೆ ಆಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಹೇಗೆ ನೋಡುವುದು? ಅಟ್ಟ ನೋಡಿ ಬರೋಣ, ತೊಲೆಗೆ ಹತ್ತಿದ್ದರೆ ಯೋಚನೆಯೇ ಇಲ್ಲ, ಮುಚ್ಚಿಬಿಡುತ್ತೇನೆ ಎಂದುಕೊಂಡು ಏಣಿ ಹತ್ತಿದೆ.

ಅಟ್ಟದಲ್ಲಿ ಹಬೆ ತುಂಬಿತ್ತು. ಹಬೆಯೊಳಗೆ ಯಾರೋ ಕೆಮ್ಮಿದರು. ನೋಡಿದರೆ ಭಾವ. ಬಯಲಿನ ಜನರ ನಡುವೆ ಎಲ್ಲೋ ನಿಂತಿರಬೇಕು ಎಂದು ನಾನೂ, ಅಕ್ಕನೂ ಅಂದುಕೊಂಡಿದ್ದ ಭಾವ, ಹೊಗೆಗೂಡು ತೊಲೆಗಳ ನಡುವೆ ಹಾಯುವ ಜಾಗದಲ್ಲಿ ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ನೀರಿನ ಹಂಡೆ. ತಾನೇ ನೇಯ್ದ ಹೊಸ ಕಂಬಳಿಗಳನ್ನು ಒದ್ದೆ ಮಾಡಿ ತೊಲೆಗಳಿಗೆ ಸುತ್ತುತ್ತಿದ್ದ. ಸುತ್ತಿದ್ದು ನೋಡುತ್ತಿದ್ದಂತೆಯೇ ಒಣಗುತ್ತಿತ್ತು, ಮತ್ತೆ ನೀರು ಚಿಮುಕಿಸುತ್ತಿದ್ದ. ಹುಬ್ಬಿನ ಕೂದಲು ಸುಟ್ಟುಹೋಗಿತ್ತು, ಅಂಗೈ ಬೊಬ್ಬೆ ಬಂದಿತ್ತು. ಇಳಿ ಭಾವ, ಸಾಯ್ತೀಯ ಎಂದೆ. ಅವನು ನನ್ನನ್ನು ನೋಡಿ, ಕಂಬಳಿಯ ಆ ಕೊನೆ ಹಿಡಿದುಕೋ ಎಂದು ಕೈ ತೋರಿಸಿದ.

"ಅವಳಿಗೆ ಹತ್ತು ನಿಮಿಷ ಬೇಕಂತೆ, ಇಲ್ಲಿಗೇ ಕೇಳಿಸ್ತು. ಅಷ್ಟೊತ್ತು ನಾನು ತಡೀತೀನಿ ಬಿಡು. ಎಂಟು ವರ್ಷದಿಂದ ಆಸೆ ಇಟ್ಕೊಂಡವಳೆ."

ನಾನು ಕಂಬಳಿ ಹಿಡಿಯಲಿಲ್ಲ. ತೊಲೆಗೆ ಇನ್ನೂ ಹತ್ತಿರಲಿಲ್ಲ, ಭಾವನ ಸುದ್ದಿ ಕೇಳಿದರೆ ಅಕ್ಕನೇ ಬಂದು ಮುಚ್ಚುತ್ತಾಳೆ ಎನಿಸಿತು. ಏಣಿಯ ಅರ್ಧ ಮೆಟ್ಟಿಲು ಇಳಿದು, ಅರ್ಧ ಬಿದ್ದು, ಬಯಲಿಗೆ ಓಡಿದೆ. ಇನ್ನು ಒಂದು ಗೇಣು ಎಂದು ಜನ ಕೂಗುತ್ತಿದ್ದರು. ಅಕ್ಕ ಗೂಟವನ್ನು ನೆಲಕ್ಕೆ ಊರಿ ಸುತ್ತಿಗೆ ಎತ್ತಿ ನಿಂತಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಭಾವ ಅಟ್ಟದ ಮೇಲವ್ನೆ. ಒದ್ದೆ ಕಂಬಳಿ ಹಿಡ್ಕೊಂಡು ತೊಲೆ ಕಾಯ್ತಾ ಕೂತವ್ನೆ. ನಿನಗೆ ಹತ್ತು ನಿಮಿಷ ಬೇಕು ಅಂದೆಯಲ್ಲ, ಅದಕ್ಕೆ."

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಆ ಐವತ್ತಾರು ವರ್ಷದ ಹೆಂಗಸು ಓಡಿದ ಓಟವನ್ನು ನಮ್ಮೂರಿನ ಎತ್ತುಗಳೂ ಓಡಿಲ್ಲ. ಜನರಿಗೆ ಏನಾಗುತ್ತಿದೆ ತಿಳಿಯಲಿಲ್ಲ, ಇನ್ನಷ್ಟು ಸೌದೆ ಹಾಕಲು ಹೋದಳೆಂದು ಶಿಳ್ಳೆ ಹೊಡೆದರು. ನಾನು ಹಿಂದೆಯೇ ಹೋದೆ. ಅವಳು ಸೆರಗನ್ನು ಕೈಗೆ ಸುತ್ತಿಕೊಂಡು ಗಾಳಿಬಾಗಿಲನ್ನು ಎಳೆದು ಬಿಗಿಯಾಗಿ ಹಾಕಿದಳು. ಒಲೆಯ ಬಾಗಿಲು ಒಂದು ಚೂರು ತೆರೆದು ಉಪ್ಪಿನ ಮಡಕೆಯನ್ನು ಒಳಗೆ ಬೋರಲು ಹಾಕಿ ಮತ್ತೆ ಮುಚ್ಚಿದಳು. ನೀರು ಎಂದು ಕೊಡಪಾನ ಎತ್ತಿದಳು, ಬೇಡ, ಕಾದ ಇಟ್ಟಿಗೆಗೆ ನೀರು ಬಿದ್ದರೆ ಸಿಡಿದು ಮನೆಯೊಳಗೇ ಉರುಳುತ್ತದೆ ಎಂದು ನಾನು ಕಿತ್ತುಕೊಂಡೆ. ಅವ್ವ ಹೇಳಿಕೊಟ್ಟದ್ದು ನೆನಪಾದದ್ದು ಪುಣ್ಯ. ಒಲೆಯ ಸಂದುಗಳಿಗೆಲ್ಲ ಒದ್ದೆ ಗೋಣಿ ತುರುಕಿದೆವು. ಗಾಳಿ ಸಿಗದ ಬೆಂಕಿ ಸ್ವಲ್ಪ ಹೊತ್ತು ಹಾರಾಡಿತು. ಗಿರಣಿಯ ಸದ್ದು ಗೊರಕೆಯಾಯಿತು, ಗೊರಕೆ ಉಸಿರಾಯಿತು, ಆಮೇಲೆ ನಿಂತಿತು. ಹೊರಗೆ ಡೋಲೂ ನಿಂತಿತು.

ಗಂಟೆ ಹೊಡೆಯಿತು. ಹೊಗೆಗೂಡು ಇನ್ನೂ ಸಣ್ಣಗೆ ಹೊಗೆಯಾಡುತ್ತಿದ್ದುದರಿಂದ ಲೆಕ್ಕಕ್ಕೆ ಬಂತು. ಅಕ್ಕನ ಗೂಟವನ್ನು ಬಯಲಿನಲ್ಲಿದ್ದ ಯಾರೋ ಪುಣ್ಯಾತ್ಮರು ಹೊಡೆದಿದ್ದರು. ಶೇಷಯ್ಯನವರು ಮೂರು ಸಲ ಅಳೆದರು, ಆ ಮನುಷ್ಯನಿಗೂ ಅವಳು ಸೋತಳೆನ್ನಲು ಮನಸ್ಸು ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಾಲ್ಕು ಬೆರಳು ಕಡಿಮೆ. ಒಂದು ನಿಮಿಷ ತಡವಾಗಿ ಮುಚ್ಚಿದ್ದರೆ ಸಾಕಿತ್ತು ಎಂದು ಊರು ಇವತ್ತಿಗೂ ಹೇಳುತ್ತದೆ. ಮೊದಲ ಎಲೆ ಮತ್ತೆ ಕಾಳಿಂಗಯ್ಯನವರ ಮನೆಗೆ ಹೋಯಿತು.

ಅಕ್ಕ ಅದನ್ನು ಕೇಳಲು ಹೊರಗೆ ಬಂದಿರಲಿಲ್ಲ, ಅಟ್ಟ ಹತ್ತಿದ್ದಳು. ನಾನು ಏಣಿಯ ಕೆಳಗೆ ನಿಂತು ಅವಳಿಗೆ ಸುದ್ದಿ ಕೂಗಿ ಹೇಳಿದೆ. ಆಮೇಲೆ ನಾನೂ ಹತ್ತಿದೆ. ಭಾವ ಗೋಡೆಗೊರಗಿ ಕೂತಿದ್ದ. ಅಕ್ಕ ಅವನ ಅಂಗೈಗೆ ಬೆಣ್ಣೆ ಸವರುತ್ತ ಬೈಯುತ್ತಿದ್ದಳು. ಬುದ್ಧಿಯಿಲ್ಲದವರು, ಮೂರು ಹೊಸ ಕಂಬಳಿ ಹಾಳು ಮಾಡಿದಿರಿ, ಹುಬ್ಬಿಲ್ಲದೆ ಯಾರ ಮನೆಗೆ ಹೇಗೆ ಹೋಗುವುದು, ನಾನು ಹತ್ತು ನಿಮಿಷ ಎಂದರೆ ನೀವು ಕೂತುಬಿಡುವುದೇ ಎಂದು ಒಂದೇ ಸಮನೆ ಬೈಯುತ್ತಿದ್ದಳು, ಅದಕ್ಕಿಂತ ಹೆಚ್ಚಾಗಿ ಅಳುತ್ತಿದ್ದಳು. ಭಾವ ಬೈಗುಳವೆಲ್ಲ ಮುಗಿಯುವವರೆಗೆ ಕಾದು ಕೇಳಿದ.

"ಗೆದ್ಯೇನೇ?"

"ಇಲ್ಲ. ನಾಲ್ಕು ಬೆರಳು ಕಮ್ಮಿ."

"ಛೆ. ಇನ್ನೊಂದು ಕಂಬಳಿ ನೆನೆಸಿ ಇಟ್ಟಿದ್ದೆನಲ್ಲ. ತಡೀತಿತ್ತು."

ಅಕ್ಕ ಬೆಣ್ಣೆಯ ಕೈಯಲ್ಲೇ ಹಣೆ ಚಚ್ಚಿಕೊಂಡಳು. ಆಮೇಲೆ ನಗಲು ಶುರುಮಾಡಿದಳು. ಮಸಿ, ಬೆಣ್ಣೆ, ಕಣ್ಣೀರು ಎಲ್ಲ ಮೆತ್ತಿಕೊಂಡ ಮುಖದಲ್ಲಿ ಅವಳು ನಕ್ಕದ್ದು ನೋಡಿ ನನಗೂ ತಡೆಯಲಾಗಲಿಲ್ಲ. ಭಾವನಿಗೆ ಏಕೆ ನಗುತ್ತಿದ್ದೇವೆ ಎಂದು ತಿಳಿಯಲಿಲ್ಲ, ಆದರೂ ಜೊತೆಗಿರಲಿ ಎಂದು ಅವನೂ ನಕ್ಕ. ಎಂಟು ವರ್ಷದಲ್ಲಿ ಆ ಮನೆಯಲ್ಲಿ ಅಂಥ ನಗು ನಾನು ಕೇಳಿರಲಿಲ್ಲ.

ಹೊಗೆಗೂಡು ತಣ್ಣಗಾಗಲು ಒಂದು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಕರೆಸಿದಳು. ನಾನು ಅಭ್ಯಾಸಬಲದಿಂದ ಕುಂಚವನ್ನು ಚಾಪೆಯಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋದೆ. ಚಾಪೆ ಬಿಸಾಕು, ಏಣಿಯನ್ನು ಬೀದಿಯ ಕಡೆ ಹಾಕು ಎಂದಳು. ಸೂರ್ಯ ನೆತ್ತಿಗೆ ಬರುವವರೆಗೆ ಗುಡಿಸಿದೆ. ಉರಿದು ಉಬ್ಬಿದ ಜಿಡ್ಡು ಬುಟ್ಟಿ ಬುಟ್ಟಿ ಬಂತು, ಹನ್ನೊಂದು ಬುಟ್ಟಿ. ಬಿರುಕು ಬಿಟ್ಟ ಇಟ್ಟಿಗೆಗಳನ್ನು ಮೇಲಿನಿಂದ ಆಳುದ್ದ ಬಿಚ್ಚಿ ಇಳಿಸಿದೆ, ನೆರಳು ಅಷ್ಟು ಗಿಡ್ಡವಾಯಿತು. ಅಕ್ಕ ಕೆಳಗಿನಿಂದ ಏಣಿ ಹಿಡಿದುಕೊಂಡು, ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ತಲೆ ತಿನ್ನುತ್ತಿದ್ದಳು. ಕೆಳಗಿನಿಂದ ಕನ್ನಡಿ ಹಿಡಿದು ತೋರಿಸಿದಾಗ ಆಕಾಶ ಅಷ್ಟೂ ಅಗಲವಾಗಿ ಕಂಡಿತು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದಳು. ನಡುಮನೆ ಆ ಸಂಜೆ ಎಷ್ಟು ಬೆಚ್ಚಗಾಯಿತೆಂದರೆ ಭಾವ ಕಂಬಳಿ ತೆಗೆದು ಗೂಟಕ್ಕೆ ಹಾಕಿದ.

ಆದರೆ ಊರು ಮಾತಾಡಿಕೊಂಡದ್ದು ಸಂಜೆಯ ವಿಷಯವಲ್ಲ, ಮಧ್ಯಾಹ್ನದ್ದು. ಮಸಿಯನ್ನು ಹಿತ್ತಲಲ್ಲಿ ಹೂಳಲು ನಾನು ಗುಂಡಿ ತೋಡಹೋದರೆ ಅಕ್ಕ ಬೇಡವೆಂದಳು. ಮೊದಲ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬೀದಿಗೆ ಇಳಿದಳು. ಬಯಲಿನ ಆಚೆಯ ಹಳ್ಳದವರೆಗೆ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ. ಜನ ಕಿಟಕಿಗಳಿಂದ ನೋಡಿದರು, ಒಬ್ಬಿಬ್ಬರು ಮೂಗು ಮುರಿದರು. ಅಕ್ಕ ಯಾವುದನ್ನೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಾನು ಎರಡನೆಯ ಬುಟ್ಟಿ ಹೊತ್ತು ಅವಳ ಹಿಂದೆ ಇದ್ದೆ. ಕಾಳಿಂಗಯ್ಯನವರ ಮನೆಯ ಮುಂದೆ ಹಾಯುವಾಗ ಬಾಗಿಲಲ್ಲಿ ಪುಟ್ನಂಜಮ್ಮ ನಿಂತಿದ್ದರು. ಅವರ ಬಾಗಿಲಿಗೆ ಗೆಲುವಿನ ತೋರಣ ಇನ್ನೂ ಹಸಿರಾಗಿತ್ತು. ಅಕ್ಕ ತಲೆಯ ಮೇಲಿನ ಬುಟ್ಟಿಯೊಂದಿಗೆ ಹಾಗೆಯೇ ನಿಂತಳು. ಪುಟ್ನಂಜಮ್ಮ ಬೀದಿಯ ಆ ಕಡೆ ಈ ಕಡೆ ನೋಡಿ ಒಂದು ಮೆಟ್ಟಿಲು ಇಳಿದು ಬಂದರು. ಅವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಕೆಂಪಾಜಮ್ಮ, ನಮ್ಮನೇದು ಮೊನ್ನೆಯಿಂದ ಗೊರಗೊರ ಅಂತಿದೆ. ಯಜಮಾನ್ರಿಗೆ ಹೇಳಿದ್ರೆ ಸುಮ್ನಿರು ಅಂತಾರೆ. ನಿಮ್ಮ ತಮ್ಮನ್ನ ಒಂದ್ಸಲ ಕಳಿಸ್ತೀರಾ? ಹಿತ್ತಲ ಕಡೆಯಿಂದ ಬಂದ್ರೆ ಸಾಕು."

ಎಂಟು ವರ್ಷ ಆಡಬೇಕೆಂದು ಅಕ್ಕ ಕೂಡಿಟ್ಟುಕೊಂಡಿದ್ದ ಮಾತುಗಳು ಎಷ್ಟಿದ್ದವು ಎಂದು ನನಗೆ ಗೊತ್ತು, ಅವುಗಳಲ್ಲಿ ಅರ್ಧ ನನ್ನ ಮುಂದೆಯೇ ಆಡಿ ನೋಡಿದ್ದಳು. ಈಗ ಅವಳ ಬಾಯಿಂದ ಯಾವುದು ಬರುತ್ತದೋ ಎಂದು ನಾನು ಕಾದೆ. ಅಕ್ಕ ಬುಟ್ಟಿಯನ್ನು ಅವರ ಮೆಟ್ಟಿಲ ಪಕ್ಕದಲ್ಲೇ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದ್ಲು ಒಳಗೆ ಹೋಗಿ ಗಾಳಿಬಾಗಿಲು ಹಾಕಿ, ಒಲೆ ಆರ್ಲಿ. ಅವನು ಮುಂಬಾಗಿಲಿಂದ್ಲೇ ಬರ್ತಾನೆ. ನಾನೂ ಬರ್ತೀನಿ ಇರಿ, ಬುಟ್ಟಿ ಹೊರೋಕೆ ಒಬ್ರು ಬೇಕಲ್ಲ."

ಹೇಳಿದ ಹಾಗೆಯೇ ಮರುದಿನ ಬಂದಳು. ಕಾಳಿಂಗಯ್ಯನವರು ಜರಿ ಶಲ್ಯ ಹೊದ್ದುಕೊಂಡೇ ಏಣಿ ಹಿಡಿದುಕೊಂಡರು. ಆ ಮನೆಯಿಂದ ಹದಿನಾಲ್ಕು ಬುಟ್ಟಿ ಮಸಿ ಇಳಿಯಿತು, ನಮಗಿಂತ ಮೂರು ಹೆಚ್ಚು. ಕೊನೆಯ ಬುಟ್ಟಿ ತೀರ ಭಾರವಿತ್ತು. ಅದನ್ನು ಅಕ್ಕ ಒಂದು ಕಡೆ, ಪುಟ್ನಂಜಮ್ಮ ಒಂದು ಕಡೆ ಹಿಡಿದುಕೊಂಡು ಬಯಲು ದಾಟಿಸಿದರು.